ಹೊಳೆ, ಗಳಿಗೆ, ಕೂಟ: ನದೀತೀರ್ಥದ ಜಾತ್ರೆಗಳನ್ನು ಅರಿಯುವ ಬಗೆಗಳು

ಅಕ್ಟೋಬರ್ ನಡುವಿನಲ್ಲಿ ತುಲಾ ಸಂಕ್ರಮಣ ಬರುತ್ತದೆ. ಸೂರ್ಯ ಕನ್ಯಾರಾಶಿ ಬಿಟ್ಟು ತುಲೆಗೆ ಕಾಲಿಡುವ ಗಳಿಗೆಯನ್ನು ಪಂಚಾಂಗದವರು ನಿಮಿಷದ ಲೆಕ್ಕದಲ್ಲಿ ಗೊತ್ತುಮಾಡುತ್ತಾರೆ. ಅದು ಹಗಲಿಗೆ ಬಿದ್ದರೂ ಸರಿ, ನಡುರಾತ್ರಿಗೆ ಬಿದ್ದರೂ ಸರಿ, ತಲಕಾವೇರಿಯ ಮೆಟ್ಟಿಲುಗಳ ಮೇಲೆ ಜನ ಮಂಜಿನಲ್ಲಿ ತೋಯುತ್ತ ಬಿಂದಿಗೆ, ಕ್ಯಾನು ಹಿಡಿದು ಕಾಯುತ್ತಾರೆ. ಕುಂಡಿಕೆಯಲ್ಲಿ ತೀರ್ಥ ಉಕ್ಕಿತೆಂದು ಅರ್ಚಕರು ನೀರು ಎರಚಿದ್ದೇ ತಡ, ಸಾವಿರಾರು ಕೈಗಳು ಚಾಚಿಕೊಳ್ಳುತ್ತವೆ. ಕೊಡಗಿನ ಮನೆಗಳಲ್ಲಿ ಅದು ಕಾವೇರಿ ಚಂಗ್ರಾಂದಿ. ಕೆಂಪು ವಸ್ತ್ರ ಸುತ್ತಿ ಒಡವೆ ತೊಡಿಸಿದ ಸೌತೆಕಾಯಿಯೋ ತೆಂಗಿನಕಾಯಿಯೋ ಅಂದು ಕಾವೇರಮ್ಮನಾಗಿ ಕಣಿಪೂಜೆ ಪಡೆಯುತ್ತದೆ. ಬೆಟ್ಟದಿಂದ ತಂದ ನೀರನ್ನು ಮನೆಯಲ್ಲಿ ಜೋಪಾನವಾಗಿ ಇಡುತ್ತಾರೆ. ಮನೆಯ ಹಿರಿಯರು ಕೊನೆಯುಸಿರೆಳೆಯುವಾಗ ಬಾಯಿಗೆ ಬಿಡುವುದೂ ಅದೇ ನೀರನ್ನು.

ಇದೇ ನಂಬಿಕೆಯ ಬೃಹತ್ ರೂಪವನ್ನು 2025ರ ಜನವರಿ 13ರಿಂದ ಫೆಬ್ರವರಿ 26ರವರೆಗೆ ಪ್ರಯಾಗದ ಮಹಾಕುಂಭಮೇಳದಲ್ಲಿ ಕಂಡೆವು. 66 ಕೋಟಿಗೂ ಹೆಚ್ಚು ಮಂದಿ ಮಿಂದರೆಂದು ಉತ್ತರ ಪ್ರದೇಶ ಸರ್ಕಾರ ಹೇಳಿತು. ಜನವರಿ 29ರ ಮೌನಿ ಅಮಾವಾಸ್ಯೆಯ ನಸುಕಿನಲ್ಲಿ ನಡೆದ ಕಾಲ್ತುಳಿತದಲ್ಲಿ 30 ಮಂದಿ ಸತ್ತರೆಂದೂ ಅದೇ ಸರ್ಕಾರ ಒಪ್ಪಿಕೊಂಡಿತು. ಪ್ರಾಣವನ್ನೇ ಪಣಕ್ಕಿಟ್ಟು ಜನ ಒಂದು ಮುಳುಗಿಗಾಗಿ ಇಷ್ಟು ದೂರ ಬರುವುದೇಕೆ? ಈ ಜಾತ್ರೆಗಳು ಎಷ್ಟು ಹಳೆಯವು? ಅವುಗಳ ಅರ್ಥವನ್ನು ಹೇಳುವ ಹಕ್ಕು ಯಾರದು?

ಈ ಪ್ರಶ್ನೆಗಳಿಗೆ ಪುರಾಣಿಕರು, ಇತಿಹಾಸಕಾರರು, ಸಮಾಜಶಾಸ್ತ್ರಜ್ಞರು ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ನದೀತೀರ್ಥದ ಜಾತ್ರೆ ಒಂದೇ ಎಳೆಯ ಹಗ್ಗವಲ್ಲದಿರುವುದೇ ಇದಕ್ಕೆ ಕಾರಣ ಎಂಬುದು ನನ್ನ ತಿಳಿವಳಿಕೆ. ಅದರಲ್ಲಿ ಮೂರು ಎಳೆಗಳಿವೆ: ಪವಿತ್ರವೆನಿಸಿದ ಹೊಳೆ, ಗ್ರಹಗತಿ ಗೊತ್ತುಮಾಡುವ ಗಳಿಗೆ, ಅಲ್ಲಿ ನೆರೆಯುವ ಜನರ ಕೂಟ. ಮೂರರ ವಯಸ್ಸೂ ಬೇರೆ ಬೇರೆ. ಒಂದರ ವಯಸ್ಸನ್ನು ಮತ್ತೊಂದಕ್ಕೆ ಹಚ್ಚಿದಾಗ ವಾದ ಗೋಜಲಾಗುತ್ತದೆ.

ಹೊಳೆ: ದಾಟುವ ಜಾಗ

ತೀರ್ಥ ಎಂಬ ಪದದ ಮೊದಲ ಅರ್ಥ ಹೊಳೆಯನ್ನು ದಾಟುವ ಜಾಗ, ನೀರಿಗಿಳಿಯುವ ಕಡವು. ಈ ದಡದಿಂದ ಆ ದಡಕ್ಕೆ ದಾಟುವ ನಿತ್ಯದ ಅನುಭವವೇ ಸಂಸಾರವನ್ನು ದಾಟುವ ರೂಪಕವಾಗಿ ಬೆಳೆಯಿತು. ಋಗ್ವೇದದ ಹತ್ತನೆಯ ಮಂಡಲದ ನದೀಸೂಕ್ತ ಗಂಗೆ, ಯಮುನೆ, ಸರಸ್ವತಿಯರಿಂದ ಮೊದಲಾಗಿ ಹೊಳೆಗಳನ್ನು ಹೆಸರಿಟ್ಟು ಕರೆಯುತ್ತದೆ. ಮಹಾಭಾರತದ ವನಪರ್ವಕ್ಕೆ ಬರುವ ಹೊತ್ತಿಗೆ ತೀರ್ಥಯಾತ್ರೆ ಒಂದು ವ್ಯವಸ್ಥೆಯಾಗಿದೆ. ಯಾವ ದಿಕ್ಕಿನಲ್ಲಿ ಯಾವ ತೀರ್ಥ, ಎಲ್ಲಿ ಮಿಂದರೆ ಯಾವ ಯಜ್ಞದ ಫಲ ಎಂಬ ದೊಡ್ಡ ಪಟ್ಟಿಯೇ ಅಲ್ಲಿದೆ. ಯಜ್ಞ ಮಾಡಿಸಲು ಹಣವಿಲ್ಲದ ಬಡವನಿಗೂ ಯಾತ್ರೆಯಿಂದ ಅದೇ ಪುಣ್ಯ ಸಿಗುತ್ತದೆ ಎಂಬ ಮಾತು ಅಲ್ಲಿ ಬರುತ್ತದೆ. ಸಿರಿವಂತರ ಯಾಗಶಾಲೆಯಿಂದ ಧರ್ಮ ಬಯಲಿಗೆ, ಹೊಳೆದಂಡೆಗೆ ಬಂದ ದೊಡ್ಡ ಪಲ್ಲಟ ಅದು.

ಮತ್ಸ್ಯಪುರಾಣದ ಪ್ರಯಾಗ ಮಾಹಾತ್ಮ್ಯೆ, ಬ್ರಹ್ಮಪುರಾಣದಲ್ಲಿ ಸೇರಿರುವ ಗೌತಮೀ ಮಾಹಾತ್ಮ್ಯೆ, ಸ್ಕಂದಪುರಾಣದ ಹೆಸರಿನಲ್ಲಿ ಬಳಕೆಯಲ್ಲಿರುವ ಕಾವೇರಿ ಮಾಹಾತ್ಮ್ಯೆ ಇವೆಲ್ಲ ಒಂದೊಂದು ಹೊಳೆಯನ್ನು ಎತ್ತಿ ಹಿಡಿದವು. 12ನೆಯ ಶತಮಾನದಲ್ಲಿ ಲಕ್ಷ್ಮೀಧರ ತನ್ನ ಕೃತ್ಯಕಲ್ಪತರುವಿನ ಒಂದು ಕಾಂಡವನ್ನು ತೀರ್ಥಗಳಿಗೇ ಮೀಸಲಿಟ್ಟ. 16ನೆಯ ಶತಮಾನದಲ್ಲಿ ಕಾಶಿಯ ನಾರಾಯಣ ಭಟ್ಟರು ಪ್ರಯಾಗ, ಕಾಶಿ, ಗಯೆಗಳ ವಿಧಿಗಳನ್ನು ತ್ರಿಸ್ಥಲೀಸೇತುವಿನಲ್ಲಿ ಕ್ರೋಡೀಕರಿಸಿದರು.

ಈ ಭೂಗೋಳ ಕನ್ನಡ ನಾಡಿನ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ನಮ್ಮ ಶಾಸನಗಳೇ ಸಾರುತ್ತವೆ. ದತ್ತಿಯನ್ನು ಅಳಿಪಿದವನಿಗೆ ವಾರಣಾಸಿಯಲ್ಲೋ ಕುರುಕ್ಷೇತ್ರದಲ್ಲೋ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪಾಶಯ ಹಳ್ಳಿಯ ಕೆರೆ ಏರಿಯ ಕಲ್ಲಿನ ಮೇಲೂ ಸಿಗುತ್ತದೆ. ಗಂಗೆಯನ್ನು ಎಂದೂ ಕಾಣದ ರೈತನಿಗೂ ಆ ಹೆಸರು ಹೇಳಿದರೆ ಮೈ ನಡುಗುತ್ತಿತ್ತೆಂದೇ ಇದರ ಅರ್ಥ. ಗಂಗೆಯೊಂದೇ ತೀರ್ಥವೂ ಆಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ವಾಸಿಯಾಗದ ಜ್ವರಕ್ಕೆ ತುತ್ತಾದಾಗ, 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗಿಳಿದು ಪ್ರಾಣಬಿಟ್ಟ. ಬಿಲ್ಹಣ ಈ ಪ್ರಸಂಗವನ್ನು ವಿಕ್ರಮಾಂಕದೇವಚರಿತದಲ್ಲಿ ವರ್ಣಿಸಿದ್ದಾನೆ. ಆ ದೊರೆಗೆ ತನ್ನ ನಾಡಿನ ಹೊಳೆಯೇ ಕಡೆಯ ತೀರ್ಥವಾಯಿತು.

ಹೀಗೆ ಮೊದಲ ಎಳೆಯ ವಯಸ್ಸಿನ ಬಗ್ಗೆ ದೊಡ್ಡ ತಕರಾರಿಲ್ಲ. ಹೊಳೆಯ ಪಾವಿತ್ರ್ಯ ಎರಡು ಸಾವಿರ ವರ್ಷಗಳಿಗೂ ಹಿಂದಿನದು.

ಗಳಿಗೆ: ಗುರುವಿನ ಸಂಚಾರ

ಎರಡನೆಯ ಎಳೆ ಕಾಲದ್ದು. ಸೂರ್ಯ, ಚಂದ್ರರ ಲೆಕ್ಕದ ಸ್ನಾನಗಳು ವರ್ಷ ವರ್ಷವೂ ಬರುತ್ತವೆ. ಪ್ರಯಾಗದ ಮಾಘಸ್ನಾನ, ಕಾವೇರಿಯ ತುಲಾಸ್ನಾನ ಈ ಜಾತಿಯವು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗಳೆಲ್ಲ ಗುರುಗ್ರಹದ ಸಂಚಾರವನ್ನು ಹಿಡಿದವು. ಗುರು ಹರಿದ್ವಾರದ ಮೇಳಕ್ಕೆ ಕುಂಭದಲ್ಲಿ, ಪ್ರಯಾಗಕ್ಕೆ ವೃಷಭದಲ್ಲಿ, ನಾಸಿಕ ಮತ್ತು ಉಜ್ಜಯಿನಿಗಳಿಗೆ ಸಿಂಹದಲ್ಲಿ ಇರಬೇಕು. ದಕ್ಷಿಣದಲ್ಲಿ ಪುಷ್ಕರವೆಂದು ಕರೆಯುವ ನದೀಸ್ನಾನಗಳ ಲೆಕ್ಕ ಇನ್ನೂ ವಿಸ್ತಾರವಾದದ್ದು. ಹನ್ನೆರಡು ರಾಶಿಗೆ ಹನ್ನೆರಡು ಹೊಳೆ. ಗುರು ಕನ್ಯೆಗೆ ಬಂದರೆ ಕೃಷ್ಣೆಗೆ, ತುಲೆಗೆ ಬಂದರೆ ಕಾವೇರಿಗೆ, ಮಕರಕ್ಕೆ ಬಂದರೆ ತುಂಗಭದ್ರೆಗೆ ಪುಷ್ಕರ. ಹಾಗೆಯೇ 2016ರಲ್ಲಿ ಕೃಷ್ಣೆಗೆ, 2017ರಲ್ಲಿ ಕಾವೇರಿಗೆ, 2020ರಲ್ಲಿ ತುಂಗಭದ್ರೆಗೆ ಪುಷ್ಕರ ಬಂತು. ಕುಂಭಕೋಣದ ಮಹಾಮಾಘದಲ್ಲಿ ಹೊಳೆಗಳೇ ಊರಿನ ಕೆರೆಗೆ ಬಂದು ಸೇರುತ್ತವೆಂಬ ನಂಬಿಕೆ. ಅಲ್ಲಿಯೂ ಗುರು ಸಿಂಹದಲ್ಲಿರಬೇಕು.

ಗುರು ಸೂರ್ಯನನ್ನು ಸುತ್ತಲು ತೆಗೆದುಕೊಳ್ಳುವುದು ಪೂರ್ತಿ 12 ವರ್ಷವಲ್ಲ, ಸುಮಾರು 11.86 ವರ್ಷ. ಈ ಕೊರತೆ ಸೇರುತ್ತ ಹೋಗಿ ಕೆಲವು ಸುತ್ತುಗಳ ನಂತರ ಮೇಳ ಹನ್ನೊಂದೇ ವರ್ಷಕ್ಕೆ ಬರುತ್ತದೆ. ಹರಿದ್ವಾರದಲ್ಲಿ 1927ರ ಬಳಿಕ 1938ಕ್ಕೆ, 2010ರ ಬಳಿಕ 2021ಕ್ಕೆ ಕುಂಭ ನಡೆದದ್ದು ಹೀಗೆ. ಪಂಚಾಂಗ ಆಕಾಶವನ್ನು ನೋಡುತ್ತಲೇ ಇದೆ ಎಂಬುದಕ್ಕೆ ಇದು ಸಾಕ್ಷಿ.

ಈ ಲೆಕ್ಕದೊಳಗೇ ಇತಿಹಾಸಕಾರರಿಗೆ ಒಂದು ಸುಳಿವೂ ಸಿಕ್ಕಿತು. ನಾಲ್ಕು ಮೇಳಗಳಿಗೂ ಕುಂಭವೆಂಬ ಹೆಸರಿದ್ದರೂ ಗುರು ಕುಂಭರಾಶಿಯಲ್ಲಿರುವುದು ಹರಿದ್ವಾರದ ಮೇಳಕ್ಕೆ ಮಾತ್ರ. ನಾಸಿಕ, ಉಜ್ಜಯಿನಿಗಳ ಮೇಳವನ್ನು ಅಲ್ಲಿನವರು ಇಂದಿಗೂ ಸಿಂಹಸ್ಥ ಎನ್ನುತ್ತಾರೆ. ಹಾಗಾದರೆ ಕುಂಭ ಎಂದರೆ ಅಮೃತದ ಕೊಡವೋ, ರಾಶಿಯ ಹೆಸರೋ?

ಕುಂಭದ ವಯಸ್ಸು: ಮೂರು ಪಕ್ಷಗಳು

ಮೊದಲ ಪಕ್ಷ ಸಂಪ್ರದಾಯದ್ದು. ಸಮುದ್ರಮಥನದಲ್ಲಿ ಹುಟ್ಟಿದ ಅಮೃತಕ್ಕಾಗಿ ದೇವದಾನವರು ಹನ್ನೆರಡು ದಿನ ಕಾದಿದರು. ಆಗ ಕೊಡದಿಂದ ನಾಲ್ಕು ಕಡೆ ಹನಿ ತುಳುಕಿತು. ದೇವತೆಗಳ ದಿನ ಮನುಷ್ಯರಿಗೆ ವರ್ಷ, ಆದ್ದರಿಂದ ಹನ್ನೆರಡು ವರ್ಷಕ್ಕೊಮ್ಮೆ ಆ ನೀರು ಅಮೃತವಾಗುತ್ತದೆ. ಲಕ್ಷಾಂತರ ಯಾತ್ರಿಕರು ಮನಸ್ಸಿನಲ್ಲಿಟ್ಟುಕೊಂಡು ಬರುವ ಕಥೆ ಇದೇ. ಈ ಪಕ್ಷದವರು ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್‌ನ ಬರಹವನ್ನೂ ಆಧಾರವಾಗಿ ಕೊಡುತ್ತಾರೆ. 7ನೆಯ ಶತಮಾನದಲ್ಲಿ ಹರ್ಷವರ್ಧನ ಪ್ರಯಾಗದ ಮರಳಿನ ಮೇಲೆ ತನ್ನ ಬೊಕ್ಕಸವನ್ನೆಲ್ಲ ದಾನಮಾಡಿದ ದೊಡ್ಡ ಸಭೆಯನ್ನು ಅವನು ಕಣ್ಣಾರೆ ಕಂಡಿದ್ದ.

ಎರಡನೆಯ ಪಕ್ಷ ಮೂಲಗಳನ್ನು ಶೋಧಿಸುವ ಇತಿಹಾಸಕಾರರದು. ಸಮುದ್ರಮಥನದ ಕಥೆ ಮಹಾಭಾರತದಲ್ಲಿದೆ, ವಿಷ್ಣುಪುರಾಣದಲ್ಲಿದೆ, ಭಾಗವತದಲ್ಲಿದೆ. ಆದರೆ ನಾಲ್ಕು ಊರುಗಳಲ್ಲಿ ಹನಿ ಬಿದ್ದ ಮಾತು ಈ ಯಾವುದರಲ್ಲೂ ಇಲ್ಲ. ಹರ್ಷನ ಸಭೆ ಐದು ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಬುದ್ಧ, ಆದಿತ್ಯ, ಶಿವ ಮೂವರಿಗೂ ಅಲ್ಲಿ ಪೂಜೆ ಸಲ್ಲುತ್ತಿತ್ತು. ಅದು ರಾಜದಾನದ ಸಭೆಯೇ ಹೊರತು ಗುರುಗ್ರಹದ ಮೇಳವಲ್ಲ. ಹರಿದ್ವಾರದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಜನ ಸೇರುವುದನ್ನು 1695ರ ಖುಲಾಸತ್-ಉತ್-ತವಾರೀಖ್ ಎಂಬ ಪಾರಸಿ ಗ್ರಂಥ ಹೇಳುತ್ತದೆ. ಹರಿದ್ವಾರದ ಮೇಲೆ ಗ್ರಂಥ ಬರೆದ ಜೇಮ್ಸ್ ಲಾಕ್ಟೆಫೆಲ್ಡ್ ಅವರಂಥ ವಿದ್ವಾಂಸರು ಆ ಮೇಳವನ್ನೇ ಹಳೆಯ ಕುಂಭವೆಂದು ಎಣಿಸುತ್ತಾರೆ. ಇತಿಹಾಸಕಾರ್ತಿ ಕಾಮಾ ಮೆಕ್ಲೀನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ರಯಾಗದಲ್ಲಿ ಪುರಾತನವಾದದ್ದು ಮಾಘಮೇಳ; 1857ರ ದಂಗೆಯ ನಂತರ ಬ್ರಿಟಿಷರ ಅನುಮಾನಕ್ಕೆ ಗುರಿಯಾದ ಪ್ರಯಾಗವಾಲ ಪಂಡರು, ಎಂದರೆ ಅಲ್ಲಿನ ತೀರ್ಥಪುರೋಹಿತರು, ತಮ್ಮ ಜಾತ್ರೆಯನ್ನು ಉಳಿಸಿಕೊಳ್ಳಲು ಅದಕ್ಕೆ ಕುಂಭದ ಹೆಸರನ್ನೂ ಪ್ರಾಚೀನತೆಯ ರಕ್ಷೆಯನ್ನೂ ತೊಡಿಸಿದರು; ಪ್ರಯಾಗದ ಕುಂಭ ಸರ್ಕಾರಿ ಕಡತಗಳಲ್ಲಿ ಕಾಣಿಸುವುದು 1870ರ ಮೇಳದ ಆಸುಪಾಸಿನಲ್ಲಿ ಎಂಬುದು ಅವರ ವಾದ.

ಮೂರನೆಯ ಪಕ್ಷ ಇವೆರಡರ ನಡುವಿನದು. ಹೆಸರು ಕಡತಕ್ಕೆ ಬಂದ ದಿನವೇ ಆಚರಣೆ ಹುಟ್ಟಿದ ದಿನವಲ್ಲ ಎನ್ನುತ್ತದೆ ಇದು. ಸಾಧುಗಳ ಅಖಾಡಗಳು ಬಾಯಿಮಾತಿನ ಪರಂಪರೆಯವು, ಅವು ಬರೆದಿಟ್ಟದ್ದು ಕಡಿಮೆ. ಮಾಘಸ್ನಾನ, ಗುರುಸಂಚಾರ, ಅಮೃತದ ಕಥೆ ಮೂರೂ ಹಿಂದಿನಿಂದ ಇದ್ದವು. ಅವು ಒಂದಾಗಿ ಬೆಸೆದುಕೊಂಡದ್ದು ಮಾತ್ರ ತಡವಾಗಿ.

ಈ ಮೂರನೆಯ ನಿಲುವು ನನಗೆ ಹೆಚ್ಚು ಸರಿಯೆನಿಸುತ್ತದೆ. ಹೆಸರು ಬದಲಾಗುವುದನ್ನು ನಾವೇ ಕಣ್ಣಾರೆ ಕಂಡಿದ್ದೇವೆ. 2019ರಲ್ಲಿ ನಡೆಯಬೇಕಿದ್ದ ಪ್ರಯಾಗದ ಅರ್ಧಕುಂಭವನ್ನು ಕುಂಭವೆಂದೂ, ಹನ್ನೆರಡು ವರ್ಷದ ಕುಂಭವನ್ನು ಮಹಾಕುಂಭವೆಂದೂ ಕರೆಯಲು ಸರ್ಕಾರವೇ ತೀರ್ಮಾನಿಸಿತು. ಮೀಯಲು ಬಂದವರ ಭಕ್ತಿ ಇದರಿಂದ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ.

ಕೂಟ: ಸಮಾನತೆಯೋ, ಅಧಿಕಾರವೋ

ಮೂರನೆಯ ಎಳೆ ಜನರದು. ಮನುಷ್ಯಶಾಸ್ತ್ರಜ್ಞ ವಿಕ್ಟರ್ ಟರ್ನರ್ ಹೇಳಿದಂತೆ ಯಾತ್ರೆಯಲ್ಲಿ ಮನುಷ್ಯ ತನ್ನ ನಿತ್ಯದ ಅಂತಸ್ತನ್ನು ಕಳಚಿಡುತ್ತಾನೆ, ಸಹಯಾತ್ರಿಕರ ಜೊತೆ ಸರಿಸಮನಾಗುತ್ತಾನೆ. ಒಂದೇ ನೀರಿನಲ್ಲಿ ಒದ್ದೆಯಾದ ಮೈಗಳನ್ನು ಕಂಡಾಗ ಇದು ನಿಜವೆನಿಸುತ್ತದೆ. ಆದರೆ ಭೀಮೆಯ ದಡದ ಪಂಢರಪುರಕ್ಕೆ ವಾರಕರಿ ಯಾತ್ರಿಕರ ಜೊತೆ ಹೆಜ್ಜೆ ಹಾಕಿದ ಇರಾವತಿ ಕರ್ವೆ ಬೇರೆಯದನ್ನು ಕಂಡರು. ದಾರಿಯುದ್ದಕ್ಕೂ ಅಭಂಗಗಳನ್ನು ಒಟ್ಟಿಗೆ ಹಾಡಿದವರು ಊಟಕ್ಕೆ ಕುಳಿತಾಗ ಜಾತಿ ಜಾತಿಯಾಗಿ ಬೇರೆಯಾಗುತ್ತಿದ್ದರು. ಅದನ್ನು ಅವರು ನೋವಿನಿಂದಲೇ ಬರೆದಿದ್ದಾರೆ. ಒಂದಾಗುವ ಹಂಬಲ, ಒಂದಾಗದ ವಾಸ್ತವ ಎರಡೂ ಜಾತ್ರೆಯಲ್ಲಿ ಒಟ್ಟಿಗೇ ಇರುತ್ತವೆ.

ಇನ್ನೊಂದು ಪಂಥ ಅಧಿಕಾರದ ಕಡೆಯಿಂದ ನೋಡುತ್ತದೆ. ಇಂದು 13 ಅಖಾಡಗಳಿವೆ. ಮೊದಲು ಮೀಯುವ ಹಕ್ಕು ಅವುಗಳ ಮಾನದ ಪ್ರಶ್ನೆ. ಹಿಂದೆ ಇವು ಆಯುಧ ಹಿಡಿದ, ವ್ಯಾಪಾರ ಮಾಡಿದ, ದೊರೆಗಳಿಗೆ ಸೈನ್ಯ ಒದಗಿಸಿದ ಸಂಘಗಳು. ಜದುನಾಥ ಸರ್ಕಾರ್‌ ಅವರಿಂದ ವಿಲಿಯಂ ಪಿಂಚ್‌ವರೆಗೆ ಅನೇಕರು ಈ ಚರಿತ್ರೆ ಬರೆದಿದ್ದಾರೆ. ಸ್ನಾನದ ಸರದಿಗಾಗಿ ಸಂನ್ಯಾಸಿಗಳಿಗೂ ಬೈರಾಗಿಗಳಿಗೂ ಕಾಳಗಗಳೇ ನಡೆದವು. ಇಂದಿಗೂ ವೈಷ್ಣವರು ನಾಸಿಕದ ರಾಮಕುಂಡದಲ್ಲಿ, ಶೈವರು ತ್ರ್ಯಂಬಕದ ಕುಶಾವರ್ತದಲ್ಲಿ ಮೀಯುವುದು ಪೇಶ್ವೆಗಳ ಕಾಲದ ಇಂಥದೇ ಜಗಳದ ಗುರುತು. ಈಸ್ಟ್ ಇಂಡಿಯಾ ಕಂಪನಿ ಪ್ರಯಾಗದಲ್ಲಿ ಮೀಯುವವರಿಂದ ತಲೆಗೊಂದು ರೂಪಾಯಿ ತೆರಿಗೆ ವಸೂಲಿ ಮಾಡುತ್ತಿತ್ತು. ಅದು ರದ್ದಾದದ್ದು 1840ರಲ್ಲಿ. 1915ರ ಹರಿದ್ವಾರ ಕುಂಭದಲ್ಲಿ ಗಾಂಧೀಜಿ ಸೇವೆಗೆ ನಿಂತರು, ಅಲ್ಲಿನ ಕೊಳಕು ಮತ್ತು ಡಾಂಭಿಕತೆ ಕಂಡು ನೊಂದರು, ದಿನಕ್ಕೆ ಐದು ಬಗೆಯ ಪದಾರ್ಥಕ್ಕಿಂತ ಹೆಚ್ಚು ತಿನ್ನುವುದಿಲ್ಲವೆಂದು ವ್ರತ ತೊಟ್ಟರು. ಅದೇ ಮೇಳದಲ್ಲಿ ಹಿಂದೂ ಮಹಾಸಭೆಯ ಅಖಿಲ ಭಾರತ ರೂಪಕ್ಕೂ ಅಡಿಪಾಯ ಬಿತ್ತು. ಜನ ನೆರೆದಲ್ಲಿ ರಾಜಕಾರಣವೂ ನೆರೆಯುತ್ತದೆ.

ಮೂರನೆಯ ಪಂಥ ಯಾತ್ರಿಕರನ್ನೇ ಕೇಳುತ್ತದೆ. ರಾಜಸ್ಥಾನದ ಹಳ್ಳಿಗರೊಡನೆ ಯಾತ್ರೆ ಹೋದ ಆ್ಯನ್ ಗೋಲ್ಡ್ ಅವರಿಗೆ, ಬರೀ ನೀರಲ್ಲಿ ಮುಳುಗಿದರೆ ಪಾಪ ಹೋಗುತ್ತದೆಂಬ ಮಾತನ್ನು ಆ ಹಳ್ಳಿಗರೇ ಸುಲಭಕ್ಕೆ ಒಪ್ಪುತ್ತಿರಲಿಲ್ಲವೆಂದು ತಿಳಿಯಿತು. ಸತ್ತವರ ಅಸ್ಥಿಯನ್ನು ಗಂಗೆಗೆ ಬಿಡುವ ಋಣ, ಕೂಡಿಟ್ಟ ಹಣವನ್ನು ಧಾರಾಳವಾಗಿ ಕೈಬಿಡುವ ನಿರಾಳ ಅವರಿಗೆ ಮುಖ್ಯವಾಗಿತ್ತು. ಮಹಾರಾಷ್ಟ್ರದ ಹೊಳೆಗಳನ್ನು ಅಭ್ಯಸಿಸಿದ ಆ್ಯನ್ ಫೆಲ್ಡ್‌ಹೌಸ್, ಅಲ್ಲಿನವರಿಗೆ ಹೊಳೆ ಮೋಕ್ಷಕ್ಕಿಂತ ಹೆಚ್ಚಾಗಿ ಬೆಳೆ, ಬಸಿರು, ಬಾಣಂತನ ಕಾಯುವ ತಾಯಿ ಎಂದು ತೋರಿಸಿದರು. ಪ್ರಯಾಗದಲ್ಲಿ ಮಾಘಮಾಸವಿಡೀ ಮರಳಿನ ಮೇಲೆ ಬಿಡಾರ ಹೂಡುವ ಕಲ್ಪವಾಸಿಗಳನ್ನು ಮನಶ್ಶಾಸ್ತ್ರಜ್ಞರು ಅಭ್ಯಸಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶವೂ ಗಮನಿಸತಕ್ಕದ್ದು. ಚಳಿ, ಗದ್ದಲ, ಒಪ್ಪೊತ್ತಿನ ಊಟದ ನಡುವೆಯೂ ಅವರು ಊರಿಗೆ ಮರಳಿದ ಮೇಲೆ ತಮ್ಮ ಕ್ಷೇಮ ಸುಧಾರಿಸಿದೆ ಎಂದರು. ಊರಲ್ಲೇ ಉಳಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ.

ಒಳಗಿನಿಂದಲೇ ಬಂದ ಪ್ರಶ್ನೆ

ತೀರ್ಥಸ್ನಾನದ ಅತಿ ಕಟುವಾದ ವಿಮರ್ಶೆ ಹೊರಗಿನವರದಲ್ಲ. ಕಂಡ ಕಂಡ ನೀರಿನಲ್ಲಿ ಮುಳುಗುವುದರಿಂದ ಏನಾಯಿತೆಂದು ಬಸವಣ್ಣನವರು ಎಂಟು ಶತಮಾನಗಳ ಹಿಂದೆಯೇ ಕೇಳಿದರು. ಮನಸ್ಸು ತೊಳೆಯದೆ ಮೈ ತೊಳೆದು ಫಲವಿಲ್ಲವೆಂದು ಪುರಂದರದಾಸರು ಹಾಡಿದರು. ಆದರೂ ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ಮಲಪ್ರಭೆ ಕೃಷ್ಣೆಯನ್ನು ಕೂಡುವ ಆ ಸಂಗಮದಲ್ಲೇ ಅವರು ಐಕ್ಯರಾದರೆಂದು ಪರಂಪರೆ ಹೇಳುತ್ತದೆ. ಪುರಂದರದಾಸರ ನೆನಪಿನ ಮಂಟಪ ಹಂಪಿಯಲ್ಲಿ ತುಂಗಭದ್ರೆಯ ನೀರಿಗೆ ತಾಗಿಯೇ ನಿಂತಿದೆ. ಇಬ್ಬರೂ ಬಿಟ್ಟುಕೊಟ್ಟದ್ದು ಹೊಳೆಯನ್ನಲ್ಲ. ಮಿಂದರೆ ಸಾಕು, ನಡತೆ ಹೇಗಿದ್ದರೂ ನಡೆದೀತು ಎಂಬ ಸುಲಭದ ಲೆಕ್ಕಾಚಾರವನ್ನು.

ಹೊಸ ಜಾತ್ರೆಗಳು

ಪರಂಪರೆ ಹುಟ್ಟುವುದನ್ನು ಕಾಣಬೇಕಾದರೆ ನಾವು ದೂರ ಹೋಗಬೇಕಿಲ್ಲ. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಕಾವೇರಿ, ಕಪಿಲೆಯರ ಜೊತೆಗೆ ಗುಪ್ತಗಾಮಿನಿಯಾದ ಸ್ಫಟಿಕ ಸರೋವರವೂ ಕೂಡುತ್ತದೆಂಬುದು ಹಳೆಯ ನಂಬಿಕೆ. ಇದು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚಿನ ಕ್ಷೇತ್ರವೆಂದು ಗುಂಜಾ ನರಸಿಂಹಸ್ವಾಮಿಯ ಭಕ್ತರು ಹೇಳುತ್ತ ಬಂದಿದ್ದಾರೆ. ಆದರೆ ಮಠಾಧೀಶರ ಮುಂದಾಳತ್ವದಲ್ಲಿ ಅಲ್ಲಿ ಕುಂಭಮೇಳ ಶುರುವಾದದ್ದು 1989ರಲ್ಲಿ, ಮೂರು ವರ್ಷಕ್ಕೊಮ್ಮೆ ನಡೆಯುವಂತೆ. ಇದನ್ನು ಕಲ್ಪಿತ ಪರಂಪರೆ ಎಂದು ತಳ್ಳಿಹಾಕುವವರಿದ್ದಾರೆ. ಉತ್ತರಕ್ಕೆ ಹೋಗಲಾಗದ ಬಡ ಒಕ್ಕಲುಮಕ್ಕಳಿಗೆ ಕುಂಭವೇ ಮನೆಬಾಗಿಲಿಗೆ ಬಂತು ಎನ್ನುವವರೂ ಇದ್ದಾರೆ. ಸಂಗಮ ಹಳೆಯದು, ಕೂಟ ಹೊಸದು. ಎರಡೂ ನಿಜ.

ಕೂಟ ಹಿಗ್ಗಿದಂತೆ ಅಪಾಯವೂ ಹಿಗ್ಗಿತು. ಸ್ವತಂತ್ರ ಭಾರತದ ಮೊದಲ ಪ್ರಯಾಗ ಕುಂಭದಲ್ಲಿ, 1954ರ ಫೆಬ್ರವರಿ 3ರಂದು, ನೂರಾರು ಜನ ತುಳಿತಕ್ಕೆ ಸಿಕ್ಕಿ ಸತ್ತರು. 1992ರಲ್ಲಿ ಕುಂಭಕೋಣದಲ್ಲಿ, 2003ರಲ್ಲಿ ನಾಸಿಕದಲ್ಲಿ, 2015ರ ಗೋದಾವರಿ ಪುಷ್ಕರದ ಮೊದಲ ದಿನ ರಾಜಮಹೇಂದ್ರಿಯಲ್ಲಿ ಮತ್ತೆ ಅದೇ ಆಯಿತು. ಇಂತಿಷ್ಟೇ ಗಳಿಗೆ, ಇಂತಿಷ್ಟೇ ಮೆಟ್ಟಿಲು ಎಂಬ ಹಠಕ್ಕೆ ಪ್ರಚಾರದ ಅಬ್ಬರ ಸೇರಿದಾಗ ಸಾವು ಹತ್ತಿರ ಬರುತ್ತದೆ. ಇದನ್ನು ವಿಧಿಯೆಂದು ಬಿಟ್ಟುಬಿಡುವುದು ಧರ್ಮವಲ್ಲ.

ಎಲ್ಲರೂ ಇದೆಯೆಂದುಕೊಂಡ ನೀರು

ಈ ಎಲ್ಲ ಪಂಥಗಳೂ ಒಂದನ್ನು ಪ್ರಶ್ನಿಸದೆ ಒಪ್ಪಿಕೊಂಡಿವೆ: ಹೊಳೆಯಲ್ಲಿ ನೀರಿದೆ, ಇರುತ್ತದೆ ಎಂಬುದನ್ನು. ಆ ನೆಲೆಯೇ ಇಂದು ಅಲುಗಾಡುತ್ತಿದೆ. ಪ್ರಯಾಗದ ಸ್ನಾನಪರ್ವಗಳಿಗೆ ಮೇಲಿನ ಅಣೆಕಟ್ಟು, ಬ್ಯಾರೇಜುಗಳಿಂದ ನೀರು ಬಿಡಿಸಬೇಕು, ಕಾನ್ಪುರದ ಚರ್ಮದ ಕಾರ್ಖಾನೆಗಳನ್ನು ಕೆಲವು ದಿನ ಮುಚ್ಚಿಸಬೇಕು. 2025ರ ಫೆಬ್ರವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಪ್ರಯಾಗದ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಸ್ನಾನಕ್ಕೆ ಗೊತ್ತುಮಾಡಿದ ಮಿತಿಯನ್ನು ಮೀರಿದೆಯೆಂದು ಹಸಿರು ನ್ಯಾಯಮಂಡಳಿಗೆ ವರದಿ ಕೊಟ್ಟಿತು. ಮಾಲಿನ್ಯ ಮಂಡಳಿಯದೇ ನಂತರದ ವರದಿ ನೀರು ಸ್ನಾನಕ್ಕೆ ಯೋಗ್ಯವಾಗಿತ್ತೆಂದಿತು.

ಕಾಶಿಯಲ್ಲಿ ಅಧ್ಯಯನ ಮಾಡಿದ ಕೆಲಿ ಆ್ಯಲಿ ಇಲ್ಲಿನ ತೊಡಕನ್ನು ಬಿಡಿಸಿ ತೋರಿಸಿದ್ದಾರೆ. ಭಕ್ತರಿಗೆ ಕೊಳಕು ಬೇರೆ, ಅಪವಿತ್ರ ಬೇರೆ. ತಾಯಿಯ ಸೀರೆಗೆ ಕೆಸರು ಮೆತ್ತಿದರೆ ತಾಯಿತನ ಕೆಡುವುದಿಲ್ಲ. ಈ ಭಾವ ಗಂಗೆಯನ್ನು ಕಾಪಾಡಲು ಹುಮ್ಮಸ್ಸು ಕೊಡಬಹುದು, ಅವಳಿಗೆ ಏನೂ ಆಗದೆಂದು ಮೈಮರೆಸಲೂಬಹುದು. ಗಂಗೆಯ ಅವಿರಳ ಹರಿವಿಗಾಗಿ ಉಪವಾಸ ಕುಳಿತ ಎಂಜಿನಿಯರ್ ಪ್ರಾಧ್ಯಾಪಕ, ಸಂನ್ಯಾಸಿ ಜಿ. ಡಿ. ಅಗರ್ವಾಲ್ 2018ರ ಅಕ್ಟೋಬರ್ 11ರಂದು ಪ್ರಾಣ ಕಳೆದುಕೊಂಡರು. 2017ರ ಮಾರ್ಚಿನಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಯರನ್ನು ಹಕ್ಕುಳ್ಳ ಜೀವಂತ ವ್ಯಕ್ತಿಗಳೆಂದು ಸಾರಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮ ಕಾವೇರಿಯ ಮೂಲದಲ್ಲೂ ನೆಮ್ಮದಿಯಿಲ್ಲ. 2020ರ ಆಗಸ್ಟಿನ ಮಳೆಗೆ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆ ಮಣ್ಣುಪಾಲಾಯಿತು, ಜೀವಗಳು ಹೋದವು.

ಬಗೆಹರಿಯದೆ ಉಳಿದದ್ದು

ನಾಲ್ಕು ಪ್ರಶ್ನೆಗಳು ಇನ್ನೂ ಬಿಡಿಸದೆ ಉಳಿದಿವೆ. ಮಾಘಸ್ನಾನ, ಗುರುಸಂಚಾರ, ಅಮೃತದ ಕಥೆ ಯಾವ ಶತಮಾನದಲ್ಲಿ ಒಂದಾಗಿ ಕುಂಭವಾದವು ಎಂಬುದು ಮೊದಲನೆಯದು. ಅಖಾಡಗಳ, ಪಂಡರ ವಹಿಗಳನ್ನು ಓದಿ ಮುಗಿಸುವ ತನಕ ಅದು ತೀರದು. ಮೇಳಕ್ಕೆ ಬರುವವರನ್ನು ಎಣಿಸುವ ಒಪ್ಪಿತ ವಿಧಾನ ಯಾವುದು ಎಂಬುದು ಎರಡನೆಯದು. ಕೋಟಿಗಳ ಲೆಕ್ಕ ಹೇಳುವುದು ಸುಲಭ, ತಾಳೆ ನೋಡುವುದು ಕಷ್ಟ. ಒಂದೇ ನೀರಿನಲ್ಲಿ ಮಿಂದವರ ಸಮಾನತೆ ಊರಿಗೆ ಮರಳಿದ ಮೇಲೂ ಉಳಿಯುತ್ತದೆಯೇ ಎಂಬುದು ಮೂರನೆಯದು. ನಾಲ್ಕನೆಯದು ಎಲ್ಲಕ್ಕಿಂತ ಭಾರವಾದದ್ದು: ಹೊಳೆಯನ್ನು ತಾಯಿ ಎನ್ನುವ ನಂಬಿಕೆ ಅವಳನ್ನು ಉಳಿಸುವ ಬಲವಾದೀತೇ?

ಮೊದಲ ಮೂರಕ್ಕೆ ವಿದ್ವಾಂಸರು ಉತ್ತರ ಹುಡುಕಲಿ. ನಾಲ್ಕನೆಯದಕ್ಕೆ ಉತ್ತರ ಕೊಡಬೇಕಾದವರು ಮೀಯಲು ಹೋಗುವ ನಾವು. 2027ರಲ್ಲಿ ನಾಸಿಕದ ಗೋದಾವರಿಯಲ್ಲಿ, 2028ರಲ್ಲಿ ಉಜ್ಜಯಿನಿಯ ಕ್ಷಿಪ್ರೆಯಲ್ಲಿ ಸಿಂಹಸ್ಥ ಬರಲಿದೆ. ತುಲಾ ಸಂಕ್ರಮಣವಂತೂ ಪ್ರತಿ ವರ್ಷ ತಪ್ಪದೆ ಬರುತ್ತದೆ. ಹೊಳೆಗಿಳಿಯುವ ಮುನ್ನ ಬಟ್ಟೆ, ಪ್ಲಾಸ್ಟಿಕ್, ಸೋಪು ದಡದಲ್ಲೇ ಉಳಿಯಲಿ. ನಮ್ಮೂರಿನ ಚರಂಡಿ ಯಾವ ಹೊಳೆಗೆ ಸೇರುತ್ತದೆಂದು ಪಂಚಾಯಿತಿಯನ್ನೋ ನಗರಸಭೆಯನ್ನೋ ಕೇಳೋಣ. ನಮ್ಮ ಹಿರಿಯರ ಬಾಯಿಗೆ ಕೊನೆಗೆ ಬಿಡುವ ಹನಿ ಆ ಹೊಳೆಯದೇ.